ನಾನು ಸೇರಿದ ಸಂಸ್ಥೆ ಇದೇನಾ?

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಸುಮಾರು ಹತ್ತು ವರ್ಷಗಳಿಂದ ಒಂದು ಅಂತರರಾಷ್ಟ್ರೀಯ ಆರೋಗ್ಯ ಸೇವಾ ಸಂಸ್ಥೆಯಲ್ಲಿದ್ದೇನೆ. ಮೊದಲು ಬಿಹಾರದಲ್ಲಿ, ಮರಳುನೊಣದಿಂದ ಹರಡುವ ಕಾಲಾ ಆಜಾರ್ ಎಂಬ ಜ್ವರರೋಗದ ವಾರ್ಡಿನಲ್ಲಿದ್ದೆ, ಈಗ ಆಫ್ರಿಕಾದಲ್ಲಿ ಎಚ್‌ಐವಿ ಮತ್ತು ಕ್ಷಯದ ಆಸ್ಪತ್ರೆಯಲ್ಲಿದ್ದೇನೆ. ಮುಂದಿನ ವರ್ಷ ಈ ಆಸ್ಪತ್ರೆಯನ್ನು ಅಲ್ಲಿನ ಸರ್ಕಾರಕ್ಕೆ ಒಪ್ಪಿಸುತ್ತಾರೆ. ನನಗೆ ಪ್ರಾದೇಶಿಕ ಕಚೇರಿಯಲ್ಲಿ ತರಬೇತುದಾರಳ ಹುದ್ದೆ ಕೊಡುವುದಾಗಿ ಹೇಳಿದ್ದಾರೆ, ಆದರೆ ಒಪ್ಪಂದ ಬೇರೆ, ಭತ್ಯೆ ಕಡಿಮೆ. ಸೇರಿದಾಗ ಎಲ್ಲ ಮಾತೂ ರೋಗಿಯ ಸುತ್ತ ನಡೆಯುತ್ತಿತ್ತು, ಈಗ ಪುನರ್ರಚನೆ, ನೀತಿ, ನಿಧಿ ಎಂಬ ಮಾತುಗಳೇ ಹೆಚ್ಚು. ನಾನು ಸೇರಿದ ಸಂಸ್ಥೆ ಇದೇನಾ? ಉಳಿಯಬೇಕೆ, ಬಿಡಬೇಕೆ?

ಉತ್ತರ: ನೀವು ಸಂಸ್ಥೆಯ ಹೆಸರನ್ನು ಬರೆದಿಲ್ಲ, ಉತ್ತರಕ್ಕೆ ಅದರ ಅಗತ್ಯವೂ ಇಲ್ಲ. ಮೂವತ್ತು ನಲವತ್ತು ವರ್ಷ ದಾಟಿದ ಯಾವ ಅಂತರರಾಷ್ಟ್ರೀಯ ಆರೋಗ್ಯ ಸಂಸ್ಥೆಯನ್ನು ತೆಗೆದುಕೊಂಡರೂ, ಅದರಲ್ಲಿ ದೀರ್ಘಕಾಲ ದುಡಿದವರು ಒಮ್ಮೆಯಲ್ಲ ಒಮ್ಮೆ ನಿಮ್ಮ ಪ್ರಶ್ನೆಯನ್ನೇ ಕೇಳಿಕೊಂಡಿರುತ್ತಾರೆ. ಸಂಸ್ಥೆ ಬದಲಾಗಿದೆಯೇ ಎಂಬುದಕ್ಕೆ ಉತ್ತರ ಯಾವಾಗಲೂ ಹೌದು ಎಂದೇ ಬರುವುದರಿಂದ ಆ ಪ್ರಶ್ನೆಯಿಂದ ನಿಮಗೆ ದಾರಿ ಕಾಣುವುದಿಲ್ಲ. ಈ ಬದಲಾವಣೆಯನ್ನು ತಂದದ್ದು ಯಾವುದು ಎಂದು ಕೇಳಿ ನೋಡಿ. ರೋಗಿಯ ಅಗತ್ಯವೇ, ಹಣವೇ, ಯಾವುದಾದರೂ ಸರ್ಕಾರವೇ, ಅಥವಾ ಒಳಗೆ ದುಡಿಯುವವರ ಒತ್ತಾಯವೇ ಎಂಬುದು ತಿಳಿದರೆ ನಿಮ್ಮ ನಿರ್ಧಾರಕ್ಕೊಂದು ನೆಲೆ ಸಿಗುತ್ತದೆ. ಆಡಳಿತದ ಒಂದೇ ಸುತ್ತೋಲೆಯಲ್ಲಿ ಈ ನಾಲ್ಕೂ ಬೆರೆತು ಬರುತ್ತವೆ. ಅವುಗಳನ್ನು ಬಿಡಿಸಿ ನೋಡುವುದು ಹೇಗೆ ಎಂಬುದನ್ನು ಹೇಳಲು, ತನ್ನ ಒಳಜಗಳಗಳನ್ನೂ ಬಹಿರಂಗವಾಗಿಯೇ ನಡೆಸಿಕೊಂಡು ಬಂದ ಒಂದು ಸಂಸ್ಥೆಯನ್ನು, ಅಂದರೆ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಎಂದು ಹೆಸರಾದ ಎಂಎಸ್‌ಎಫ್ ಅನ್ನು, ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಎಂಎಸ್‌ಎಫ್ 1971ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ನೈಜೀರಿಯಾದ ಬಯಾಫ್ರಾ ಯುದ್ಧದಲ್ಲಿ ಫ್ರೆಂಚ್ ರೆಡ್ ಕ್ರಾಸ್ ಪರವಾಗಿ ದುಡಿದು, ಹಸಿವಿನಿಂದ ಸಾಯುತ್ತಿದ್ದ ಮಕ್ಕಳನ್ನು ಕಂಡು ಬಂದ ವೈದ್ಯರು ಒಂದು ಕಡೆ, 1970ರ ಚಂಡಮಾರುತದಲ್ಲಿ ಅಂದಿನ ಪೂರ್ವ ಪಾಕಿಸ್ತಾನಕ್ಕೆ ಒದಗಿದ ಸ್ಥಿತಿಯಿಂದ ಕಳವಳಗೊಂಡವರು ಇನ್ನೊಂದು ಕಡೆ. ಇವರ ಜೊತೆಗೆ ಕೆಲವು ಪತ್ರಕರ್ತರು. ಆರಂಭದಲ್ಲಿ ಅದು ಸಂಬಳ, ಗೋದಾಮು, ವಾಹನ ಯಾವುದೂ ಸರಿಯಾಗಿಲ್ಲದ ಒಂದು ಸ್ವಯಂಸೇವಕರ ಗುಂಪು. ಈಗ ಓದಿದರೆ ಅಚ್ಚರಿಯಾಗುವ ಸಂಗತಿಯೆಂದರೆ, ಸಂಸ್ಥೆಯ ಮೊದಲ ಸನ್ನದು ತನ್ನ ಸದಸ್ಯರು ತಾವು ಕಂಡದ್ದರ ಬಗ್ಗೆ ಸಾರ್ವಜನಿಕವಾಗಿ ಅಭಿಪ್ರಾಯ ಹೇಳಬಾರದು ಎಂದು ವಿಧಿಸಿತ್ತು. ಅನ್ಯಾಯದ ಬಗ್ಗೆ ದನಿಯೆತ್ತುವುದೇ ತನ್ನ ಗುರುತು ಎಂದುಕೊಳ್ಳುವ ಸಂಸ್ಥೆ ಹೊರಟದ್ದು ಮೌನದ ನಿಯಮದೊಂದಿಗೆ. ಅಲ್ಲಿಂದ ಇಲ್ಲಿಗೆ ಬಂದದ್ದು ಒಂದೇ ಸಭೆಯ ತೀರ್ಮಾನದಿಂದಲ್ಲ. 1979ರಲ್ಲಿ ವಿಯೆಟ್ನಾಂನಿಂದ ದೋಣಿಗಳಲ್ಲಿ ಪಲಾಯನ ಮಾಡುತ್ತಿದ್ದ ಜನರಿಗಾಗಿ ಹಡಗೊಂದನ್ನು ಕಳಿಸುವ ವಿಚಾರ ಜಗಳವಾಗಿ ಬೆಳೆದು, ಸ್ಥಾಪಕರಲ್ಲಿ ಪ್ರಮುಖರಾಗಿದ್ದ ಬೆರ್ನಾರ್ ಕುಶ್ನೆರ್ ಹೊರನಡೆದರು ಮತ್ತು ಮರುವರ್ಷ ಮೆದ್‌ಸಾಂ ದ್ಯು ಮೊಂದ್ ಎಂಬ ಬೇರೆ ಸಂಸ್ಥೆ ಕಟ್ಟಿದರು. ಉಳಿದವರು ಸಂಸ್ಥೆಯನ್ನು ವೃತ್ತಿಪರವಾಗಿ ಕಟ್ಟುವ ದಾರಿ ಹಿಡಿದರು. 1985ರಲ್ಲಿ ಇಥಿಯೋಪಿಯಾದ ಸರ್ಕಾರ ಬರಗಾಲದ ನೆರವನ್ನೇ ಆಮಿಷವಾಗಿಸಿಕೊಂಡು ಜನರನ್ನು ಬಲವಂತವಾಗಿ ಸ್ಥಳಾಂತರಿಸುತ್ತಿದೆ ಎಂದು ಎಂಎಸ್‌ಎಫ್‌ನ ಫ್ರೆಂಚ್ ವಿಭಾಗ ಬಹಿರಂಗವಾಗಿ ಹೇಳಿತು ಮತ್ತು ಅದಕ್ಕಾಗಿ ಆ ದೇಶದಿಂದ ಹೊರದಬ್ಬಿಸಿಕೊಂಡಿತು.

ಹಡಗಿನ ಜಗಳದ ನಂತರ ಹೊರಬಿದ್ದವರೂ ಉಳಿದವರೂ ಇಬ್ಬರೂ ಮುಂದೆ ಒಳ್ಳೆಯ ಕೆಲಸ ಮಾಡಿದರು ಎಂಬುದನ್ನು ಗಮನಿಸಿ. ಸಂಸ್ಥೆ ಬಿಡುವುದನ್ನು ದ್ರೋಹವೆಂದು, ಉಳಿಯುವುದನ್ನು ನಿಷ್ಠೆಯೆಂದು ತಿಳಿದುಕೊಂಡು ಅನೇಕ ದಾದಿಯರು, ವೈದ್ಯರು ವರ್ಷಗಟ್ಟಲೆ ಒಳಗೊಳಗೇ ಕೊರಗುತ್ತಾರೆ. ನೀವು ಆ ಭಾರ ಹೊರಬೇಕಾಗಿಲ್ಲ.

ನೀವು ವಾರ್ಡಿನಿಂದ ಬಂದವರಾದ್ದರಿಂದ, ರೋಗಿಯ ಅಗತ್ಯವೇ ತಂದ ಬದಲಾವಣೆ ಹೇಗಿರುತ್ತದೆ ಎಂಬುದಕ್ಕೆ ಆಫ್ರಿಕಾದ ನಿದ್ರಾರೋಗದ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ತ್ಸೆತ್ಸೆ ನೊಣದ ಕಡಿತದಿಂದ ಬರುವ ಈ ರೋಗದ ಪರಾವಲಂಬಿ ಮೆದುಳನ್ನು ಸೇರಿದ ಮೇಲೆ, ಬಹುಕಾಲ ಸಿಗುತ್ತಿದ್ದ ಮುಖ್ಯ ಮದ್ದು ಮೆಲಾರ್ಸೊಪ್ರಾಲ್. ಅದು 1949ರಿಂದ ಬಳಕೆಯಲ್ಲಿದ್ದ ಆರ್ಸೆನಿಕ್‌ನ ಸಂಯುಕ್ತ. ಅದನ್ನು ಕರಗಿಸುತ್ತಿದ್ದ ದ್ರಾವಣ ಪ್ಲಾಸ್ಟಿಕ್ಕನ್ನು ಹಾಳು ಮಾಡುತ್ತಿದ್ದುದರಿಂದ ದಾದಿಯರು ಗಾಜಿನ ಸಿರಿಂಜನ್ನೇ ಬಳಸಬೇಕಿತ್ತು. ಸೂಜಿ ಸ್ವಲ್ಪ ಜಾರಿ ಮದ್ದು ರಕ್ತನಾಳದ ಹೊರಗೆ ಹೋದರೆ ಸುತ್ತಲಿನ ಮಾಂಸಖಂಡವೇ ಕೊಳೆಯುತ್ತಿತ್ತು. ಸರಿಯಾಗಿ ಕೊಟ್ಟರೂ ನಾಳದುದ್ದಕ್ಕೂ ಬೆಂಕಿ ಹರಿದಂತೆ ರೋಗಿ ನರಳುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಚಿಕಿತ್ಸೆ ಪಡೆದ ನೂರರಲ್ಲಿ ಸುಮಾರು ಐದು ಜನ ರೋಗದಿಂದಲ್ಲದೆ ಆ ಮದ್ದಿನಿಂದಲೇ ಸಾಯುತ್ತಿದ್ದರು. ಬೆಳಗ್ಗೆ ನಡೆದುಕೊಂಡು ಬಂದು ಚುಚ್ಚುಮದ್ದು ತೆಗೆದುಕೊಂಡ ಮನುಷ್ಯ ಕೆಲವು ದಿನಗಳಲ್ಲಿ ಸೆಳವು ಬಂದು ಪ್ರಜ್ಞೆ ತಪ್ಪುತ್ತಿದ್ದ. ಆ ಚುಚ್ಚುಮದ್ದನ್ನು ಕೊಟ್ಟ ಕೈ ಒಬ್ಬ ದಾದಿಯದು ಎಂಬುದನ್ನು ನಿಮಗಿಂತ ಚೆನ್ನಾಗಿ ಯಾರು ಅರ್ಥ ಮಾಡಿಕೊಳ್ಳಬಲ್ಲರು?

ಬೇರೆ ಮದ್ದು ಇರಲಿಲ್ಲವೆಂದಲ್ಲ. ಎಫ್ಲೋರ್ನಿಥಿನ್ 1990ರಲ್ಲೇ ಮಂಜೂರಾಗಿತ್ತು ಮತ್ತು ಎಷ್ಟೋ ಪಾಲು ಸುರಕ್ಷಿತವಾಗಿತ್ತು. ಆದರೆ ಕೊಳ್ಳುವವರು ಬಡವರಾದ್ದರಿಂದ ಲಾಭವಿಲ್ಲವೆಂದು ಅದರ ತಯಾರಿಕೆ ನಿಂತಿತ್ತು. ಅದೇ ಮದ್ದು ಹೆಂಗಸರ ಮುಖದ ರೋಮ ತಡೆಯುವ ಮುಲಾಮಾಗಿ ಶ್ರೀಮಂತ ದೇಶಗಳ ಮಾರುಕಟ್ಟೆಗೆ ಬಂತು. ಉಗಾಂಡ, ಸುಡಾನ್, ಕಾಂಗೊಗಳ ವಾರ್ಡುಗಳಿಂದ ಎಂಎಸ್‌ಎಫ್ ಸಿಬ್ಬಂದಿ ಎಷ್ಟು ರೋಗಿಗಳಿಗೆ ಮೆಲಾರ್ಸೊಪ್ರಾಲ್ ಕೊಟ್ಟೆವು, ಎಷ್ಟು ಜನರಿಗೆ ರೋಗ ಮರುಕಳಿಸಿತು, ಎಷ್ಟು ಜನ ಮದ್ದಿನಿಂದಲೇ ಸತ್ತರು ಎಂಬ ದಾಖಲೆಗಳನ್ನು ಹಿಡಿದು ಹಟ ಮಾಡದೆ ಹೋಗಿದ್ದರೆ ಈ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ 2001ರಲ್ಲಿ ಒಪ್ಪಂದವಾಗಿ ತಯಾರಿಕೆ ಮರಳಿ ಶುರುವಾಯಿತು. ಆಗಲೂ ಅದು ಸುಲಭದ ಚಿಕಿತ್ಸೆಯಾಗಿರಲಿಲ್ಲ: ದಿನಕ್ಕೆ ನಾಲ್ಕು ಸಲದಂತೆ ಹದಿನಾಲ್ಕು ದಿನ, ಒಟ್ಟು 56 ಸಲ ಡ್ರಿಪ್ ಹಾಕಬೇಕು. ವಿದ್ಯುತ್ತಿಲ್ಲದ ಊರಿನಲ್ಲಿ ನಡುರಾತ್ರಿಯೂ ಒಬ್ಬ ದಾದಿ ಎಚ್ಚರವಿರಬೇಕು. 2009ರಲ್ಲಿ ಇನ್ನೊಂದು ಮಾತ್ರೆಯ ಜೊತೆ ಸೇರಿಸಿದಾಗ ಡ್ರಿಪ್‌ಗಳ ಸಂಖ್ಯೆ 14ಕ್ಕೆ ಇಳಿಯಿತು. 2018ರಲ್ಲಿ ಫೆಕ್ಸಿನಿಡಜೋಲ್‌ಗೆ ಒಪ್ಪಿಗೆ ಸಿಕ್ಕಿ, ಹತ್ತು ದಿನ ಮಾತ್ರೆ ನುಂಗಿದರೆ ಸಾಕೆಂಬ ಸ್ಥಿತಿ ಬಂತು. 1998ರಲ್ಲಿ ಸುಮಾರು 40,000 ಪ್ರಕರಣಗಳು ದಾಖಲಾಗಿದ್ದ ರೋಗ ಇಪ್ಪತ್ತು ವರ್ಷಗಳಲ್ಲಿ ಒಂದು ಸಾವಿರಕ್ಕಿಂತ ಕೆಳಗಿಳಿಯಿತು.

ಈಗ ಇದನ್ನು ಆ ವಾರ್ಡುಗಳಲ್ಲಿ ದುಡಿದವರ ಕಡೆಯಿಂದ ನೋಡಿ. ಗಾಜಿನ ಸಿರಿಂಜಿನ ಕಾಲದಲ್ಲಿ ಸೇರಿದ ದಾದಿಗೆ ಮಾತ್ರೆಯ ಕಾಲದಲ್ಲಿ ಆ ವಾರ್ಡೇ ಉಳಿದಿರಲಿಲ್ಲ. ನಡುವಿನ ವರ್ಷಗಳಲ್ಲಿ ಅವಳ ಸಂಸ್ಥೆ ಪೇಟೆಂಟ್, ಔಷಧ ಬೆಲೆ, ಪ್ರಯೋಗ ಪರೀಕ್ಷೆ ಎಂದು ಮಾತಾಡುವ ವಕೀಲರನ್ನೂ ಔಷಧ ತಜ್ಞರನ್ನೂ ನೇಮಿಸಿಕೊಂಡಿತ್ತು. 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅದರ ಹಣ ನಿರ್ಲಕ್ಷಿತ ರೋಗಗಳ ಕೆಲಸಕ್ಕೆ ಹೋಯಿತು. ಔಷಧಗಳು ಎಲ್ಲರ ಕೈಗೆಟುಕಬೇಕೆಂಬ ಅಭಿಯಾನ ಆರಂಭವಾದದ್ದೂ ಅದೇ ವರ್ಷ. 2003ರಲ್ಲಿ ನಿರ್ಲಕ್ಷಿತ ರೋಗಗಳಿಗೆ ಮದ್ದು ಹುಡುಕುವ ಡಿಎನ್‌ಡಿಐ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಅದರ ಸ್ಥಾಪಕರಲ್ಲಿ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಒಂದು. ಹೊರಗಿನಿಂದ ನೋಡಿದರೆ ಇವೆಲ್ಲ ನೀವು ಹೇಳುವ ನೀತಿ, ನಿಧಿ, ಪುನರ್ರಚನೆಗಳೇ. ವಾರ್ಡಿನ ದಾದಿಗೆ ಅವು ಬೇಸರ ತರಿಸಿರಲೂಬಹುದು. ಆದರೆ ಅವುಗಳ ಬೇರು ಅವಳು ತುಂಬಿದ ನೋಂದಣಿ ಪುಸ್ತಕದಲ್ಲಿತ್ತು. ಆದ್ದರಿಂದ ಸಭೆಗಳಲ್ಲಿ ರೋಗಿಯ ಮಾತು ಕೇಳಿಸುತ್ತಿಲ್ಲ ಎನ್ನುವುದನ್ನು ಮಾತ್ರ ನೋಡಿ ಸಂಸ್ಥೆ ದಾರಿ ತಪ್ಪಿದೆ ಎಂದು ತೀರ್ಮಾನಿಸಬೇಡಿ. ಆ ಸಭೆಯ ವಿಷಯವನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಯಾವುದಾದರೂ ಹಾಸಿಗೆಯ ಪಕ್ಕಕ್ಕೆ ಬಂದು ಮುಟ್ಟುತ್ತದೆಯೇ ಎಂದು ನೋಡಿ.

ಬಿಹಾರದಲ್ಲಿ ನೀವು ಮಾಡಿದ ಕೆಲಸವೂ ಇದೇ ಜಾತಿಯದು. ಎಂಎಸ್‌ಎಫ್ 2007ರಿಂದ 2015ರವರೆಗೆ ವೈಶಾಲಿ ಜಿಲ್ಲೆಯಲ್ಲಿ ಹಾಜೀಪುರದ ಸರ್ಕಾರಿ ಆಸ್ಪತ್ರೆಯನ್ನು ಕೇಂದ್ರವಾಗಿಟ್ಟುಕೊಂಡು ಕಾಲಾ ಆಜಾರ್ ಚಿಕಿತ್ಸೆ ನಡೆಸಿತು. ಅದಕ್ಕೂ ಮೊದಲು ಅಲ್ಲಿ ಬಳಕೆಯಲ್ಲಿದ್ದ ಆಂಟಿಮನಿ ಚುಚ್ಚುಮದ್ದನ್ನು ಹೆಚ್ಚುಕಡಿಮೆ ತಿಂಗಳು ಪೂರ್ತಿ ದಿನವೂ ಕೊಡಬೇಕಿತ್ತು, ಅಷ್ಟಾದರೂ ಬಿಹಾರದ ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ಅದು ಕೆಲಸ ಮಾಡುವುದನ್ನು ನಿಲ್ಲಿಸಿತ್ತು. ಲೈಪೊಸೋಮಲ್ ಆಂಫೋಟೆರಿಸಿನ್ ಎಂಬ, ಡ್ರಿಪ್ ಮೂಲಕ ಕೊಡುವ ಮದ್ದು ಬಂದ ಮೇಲೆ ಕೆಲಸದ ಸ್ವರೂಪವೇ ಬೇರೆಯಾಯಿತು: ಸೀಸೆಗೆ ಶುದ್ಧ ನೀರು ಸೇರಿಸಿ ಜೋರಾಗಿ ಕುಲುಕುವುದು, ಸೂಕ್ಷ್ಮ ಫಿಲ್ಟರಿನ ಮೂಲಕ ಡೆಕ್ಸ್‌ಟ್ರೋಸ್ ಬಾಟಲಿಗೆ ಇಳಿಸುವುದು, ಸಲೈನ್ ತಾಗಿದರೆ ಮದ್ದು ಕೆಡುತ್ತದೆಂದು ಪ್ರತಿ ಪಾಳಿಯ ಹುಡುಗಿಯರಿಗೆ ಮತ್ತೆ ಮತ್ತೆ ನೆನಪಿಸುವುದು, ಬಿಸಿಲಿನ ಬಿಹಾರದಲ್ಲಿ ಆ ಸೀಸೆಗಳನ್ನು 25 ಡಿಗ್ರಿ ದಾಟದಂತೆ ಕಾಯುವುದು. ಇಷ್ಟು ಸೂಕ್ಷ್ಮದ ಮದ್ದನ್ನು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಸುರಕ್ಷಿತವಾಗಿ ಕೊಡಬಹುದು ಎಂಬುದಕ್ಕೆ ಸಾವಿರಾರು ರೋಗಿಗಳ ಅನುಭವ ಸಿಕ್ಕಿತು. 2014ರಲ್ಲಿ ಭಾರತ ಒಂದೇ ಡೋಸಿನ ಈ ಚಿಕಿತ್ಸೆಯನ್ನು ರಾಷ್ಟ್ರೀಯ ಕಾರ್ಯಕ್ರಮದ ಮೊದಲ ಆಯ್ಕೆಯಾಗಿ ಒಪ್ಪಿಕೊಂಡಿತು. ಸಂಸ್ಥೆ ಅಲ್ಲಿಂದ ಹೊರಬಂದದ್ದು ಕೆಲಸ ಕೆಟ್ಟದ್ದರಿಂದಲ್ಲ, ಕೆಲಸ ಕೈಗೂಡಿದ್ದರಿಂದ.

ಎಚ್‌ಐವಿಯ ವಿಷಯದಲ್ಲೂ ಭಾರತದ ಕೊಡುಗೆ ದೊಡ್ಡದು. ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್‌ಗೂ ಹೆಚ್ಚು ಬೆಲೆಯಿದ್ದ ಮೂರು ಮದ್ದುಗಳ ಚಿಕಿತ್ಸೆಯನ್ನು 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿ ಎಂಎಸ್‌ಎಫ್‌ಗೆ 350 ಡಾಲರ್‌ಗೆ ಕೊಡಲು ಮುಂದಾಯಿತು. ನೀವು ಈಗ ಆಫ್ರಿಕಾದ ಆಸ್ಪತ್ರೆಯಲ್ಲಿ ಹಂಚುತ್ತಿರುವ ಮಾತ್ರೆಗಳ ಡಬ್ಬಿಯ ಮೇಲೆ ಭಾರತದ ಯಾವುದೋ ಊರಿನ ಹೆಸರಿದ್ದರೆ, ಅದಕ್ಕೆ ಆ ಕಾಲದ ಹೋರಾಟವೂ ಒಂದು ಕಾರಣ. ಎಚ್‌ಐವಿ ಚಿಕಿತ್ಸೆ ಶುರುವಾದ ಮೇಲೆ ತುರ್ತು ನೆರವಿನ ಸಂಸ್ಥೆಗಳ ಸ್ವಭಾವವೇ ಬದಲಾಯಿತು. ಗಾಯಕ್ಕೆ ಹೊಲಿಗೆ ಹಾಕಿ ಹೊರಡಬಹುದು, ಆದರೆ ಜೀವನವಿಡೀ ಮಾತ್ರೆ ನುಂಗಬೇಕಾದವರನ್ನು ಬಿಟ್ಟು ಹೊರಡುವುದು ಹೇಗೆ? ನಿಮ್ಮ ಆಸ್ಪತ್ರೆಯ ಹಸ್ತಾಂತರದ ಪ್ರಶ್ನೆ ಅಲ್ಲಿಂದ ಬಂದದ್ದು. ಅದಕ್ಕೆ ಬರುವ ಮೊದಲು ಹಣದ ವಿಚಾರ ಹೇಳಿಬಿಡುತ್ತೇನೆ.

ಹಣ ತಂದ ಬದಲಾವಣೆಯನ್ನು ಗುರುತಿಸಲು ಒಂದು ಸರಳ ಉಪಾಯವಿದೆ. ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಹಣ ಎಲ್ಲಿಂದ ಬರುತ್ತದೆ ಎಂಬ ಪುಟವನ್ನು ತೆಗೆದು ನೋಡಿ. ಒಂದೇ ಸರ್ಕಾರದಿಂದ ಅಥವಾ ಒಂದೇ ದತ್ತಿ ನಿಧಿಯಿಂದ ಅರ್ಧಕ್ಕಿಂತ ಹೆಚ್ಚು ಹಣ ಬರುತ್ತಿದ್ದರೆ, ನಿಮ್ಮ ವಾರ್ಡಿನ ಭವಿಷ್ಯವನ್ನು ನಿಮ್ಮ ಸಂಸ್ಥೆಯ ಮುಖ್ಯಸ್ಥರೂ ನಿರ್ಧರಿಸಲಾರರು. 2025ರ ಜನವರಿ 20ರಂದು ಅಮೆರಿಕದ ಹೊಸ ಅಧ್ಯಕ್ಷರ ಆದೇಶದಿಂದ ವಿದೇಶಿ ನೆರವು ತಡೆಹಿಡಿಯಲ್ಪಟ್ಟಾಗ, ಕೆಲಸ ನಿಲ್ಲಿಸಿ ಎಂಬ ಸೂಚನೆ ಕೆಲವೇ ದಿನಗಳಲ್ಲಿ ದೇಶದೇಶಗಳ ಕ್ಲಿನಿಕ್ಕುಗಳನ್ನು ತಲುಪಿತು. ಮಾರ್ಚ್‌ನಲ್ಲಿ, ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮಗಳನ್ನು ರದ್ದುಗೊಳಿಸಲಾಗಿದೆ ಎಂದು ಅಲ್ಲಿನ ವಿದೇಶಾಂಗ ಕಾರ್ಯದರ್ಶಿ ಘೋಷಿಸಿದರು, ಜುಲೈ 1ಕ್ಕೆ ಆ ಸಂಸ್ಥೆಯೇ ಕೊನೆಗೊಂಡಿತು. ದಶಕಗಳ ಕಾಲ ಒಳ್ಳೆಯ ಕೆಲಸ ಮಾಡಿದ ಎಷ್ಟೋ ಸಂಸ್ಥೆಗಳು ತಮ್ಮದೇನೂ ತಪ್ಪಿಲ್ಲದೆ ಸಿಬ್ಬಂದಿಯನ್ನು ಮನೆಗೆ ಕಳಿಸಬೇಕಾಯಿತು. ಎಂಎಸ್‌ಎಫ್ ಅಮೆರಿಕ ಸರ್ಕಾರದ ಹಣ ಪಡೆಯುವುದಿಲ್ಲ. ವಲಸಿಗರನ್ನು ಟರ್ಕಿಗೆ ಹಿಂದಕ್ಕಟ್ಟುವ ಒಪ್ಪಂದವನ್ನು ವಿರೋಧಿಸಿ 2016ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ಮತ್ತು ಅದರ ಸದಸ್ಯ ರಾಷ್ಟ್ರಗಳ ಹಣವನ್ನೂ ಅದು ಬಿಟ್ಟುಕೊಟ್ಟಿತು. ಅದರ ಆದಾಯದ ಬಹುಪಾಲು ಲಕ್ಷಾಂತರ ಖಾಸಗಿ ದಾನಿಗಳದು. ಹೀಗಿದ್ದೂ ಸುತ್ತಲಿನ ಕ್ಲಿನಿಕ್ಕುಗಳು ಮುಚ್ಚಿದಾಗ ಅಲ್ಲಿನ ರೋಗಿಗಳು ಇದರ ಬಾಗಿಲಿಗೆ ಬಂದು ನಿಲ್ಲುವುದನ್ನು ಯಾರೂ ತಪ್ಪಿಸಲಾರರು.

ಭಾರತದಲ್ಲಿ ಕಾನೂನೇ ತಂದ ಬದಲಾವಣೆಯನ್ನೂ ತಿಳಿದಿರಿ, ಏಕೆಂದರೆ ಮರಳಿ ಬಂದು ಇಲ್ಲಿನ ಸಂಸ್ಥೆಯೊಂದರಲ್ಲಿ ಕೆಲಸ ಹುಡುಕುವ ಯೋಚನೆ ನಿಮಗಿರಬಹುದು. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ, ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ದೊಡ್ಡ ಸಂಸ್ಥೆ ಬೆಂಗಳೂರಿನಲ್ಲಿ ಹಣ ಪಡೆದು ರಾಯಚೂರಿನ, ಯಾದಗಿರಿಯ ಚಿಕ್ಕ ಸಂಸ್ಥೆಗಳ ಮೂಲಕ ಕೆಲಸ ಮಾಡಿಸುತ್ತಿದ್ದ ಹಳೆಯ ಕ್ರಮ ಇದರಿಂದ ಮುರಿದುಬಿತ್ತು. ಚಿಕ್ಕ ಊರುಗಳ ಅನುಭವಿ ಕಾರ್ಯಕರ್ತರು ಕೆಲಸ ಕಳೆದುಕೊಳ್ಳುವುದು ನನ್ನ ಮಟ್ಟಿಗೆ ಇದರಿಂದಾದ ದೊಡ್ಡ ನಷ್ಟ.

ಹಸ್ತಾಂತರಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನ ಆರಂಭಿಸಿದ ಆವಾಹನ್ ಎಂಬ ಎಚ್‌ಐವಿ ತಡೆ ಕಾರ್ಯಕ್ರಮ ಆರು ರಾಜ್ಯಗಳಲ್ಲಿ ನಡೆಯಿತು, ಅವುಗಳಲ್ಲಿ ನಮ್ಮದೂ ಒಂದು. ಇಲ್ಲಿ ಅದರ ಮುಖ್ಯ ಹೊಣೆ ಹೊತ್ತದ್ದು, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯದ ಏಡ್ಸ್ ನಿಯಂತ್ರಣ ಸೊಸೈಟಿಯ ಸಹಭಾಗಿತ್ವದಲ್ಲಿ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್. 2009ರಿಂದ ಮೂರು ಸುತ್ತುಗಳಲ್ಲಿ ಈ ಕೆಲಸವನ್ನು ಸರ್ಕಾರಕ್ಕೆ ವಹಿಸಲಾಯಿತು. ಮೊದಲು ಕೆಲವೇ ಯೋಜನೆಗಳು, ಅವುಗಳಿಂದ ಕಲಿತ ಮೇಲೆ ಉಳಿದವು. ಒಪ್ಪಿಸುವುದಕ್ಕೆ ಮುಂಚೆಯೇ ಸಂಬಳ, ಸಿಬ್ಬಂದಿ ಸಂಖ್ಯೆ, ವರದಿಯ ನಮೂನೆಗಳನ್ನು ಸರ್ಕಾರದ ಅಳತೆಗೆ ಹೊಂದಿಸಲಾಯಿತು. ಹಳೆಯ ಸೌಲಭ್ಯಗಳಿಗೆ ಒಗ್ಗಿದವರಿಗೆ ಇದು ನೋವಿನ ಸಂಗತಿಯೇ. ಆದರೆ ಸರ್ಕಾರ ಎಂದೂ ಭರಿಸಲಾಗದ ಮಟ್ಟದಲ್ಲಿ ಕೊನೆಯ ದಿನದವರೆಗೆ ನಡೆಸಿ ಮರುದಿನ ಬೀಗದ ಕೈ ಕೊಟ್ಟರೆ ಆಗುವ ಹಾನಿ ಇದಕ್ಕಿಂತ ದೊಡ್ಡದು. ಅಲ್ಲಿ ಉಳಿದುಕೊಂಡ ಶಕ್ತಿ ಯಾವುದೆಂದು ನೋಡಿದರೆ, ಅದು ಬಹುಪಾಲು ಸಮುದಾಯದವರೇ ಕಟ್ಟಿಕೊಂಡ ಸಂಘಟನೆಗಳದು. ಲೈಂಗಿಕ ವೃತ್ತಿಯಲ್ಲಿರುವವರೇ ಮುನ್ನಡೆಸುವ ಮೈಸೂರಿನ ಆಶೋದಯ ಸಮಿತಿ ಅಂಥವುಗಳಲ್ಲಿ ಹೆಸರಾದದ್ದು. ಕಾರ್ಯಕ್ರಮದ ಹೆಸರು ಹೋದ ಮೇಲೂ ಜನ ತಮ್ಮ ಹಕ್ಕಿನ ಸೇವೆಯನ್ನು ಆಸ್ಪತ್ರೆಯಲ್ಲಿ ಕೇಳಿ ಪಡೆಯುವುದನ್ನು ಕಲಿತಿದ್ದರು.

ನಿಮ್ಮ ಆಸ್ಪತ್ರೆಯ ಹಸ್ತಾಂತರಕ್ಕೆ ಇನ್ನೂ ಒಂದು ವರ್ಷವಿದೆ ಎಂದರೆ, ನಿಮ್ಮ ಕೈಯಲ್ಲಿರುವುದು ಬಹಳ. ಸಂಸ್ಥೆಯ ಭವಿಷ್ಯದ ಚಿಂತೆ ಸ್ವಲ್ಪ ಪಕ್ಕಕ್ಕಿಟ್ಟು ಔಷಧ ಕೋಣೆಯಿಂದ ಶುರು ಮಾಡಿ. ಪ್ರತಿ ಮದ್ದಿನ ದಾಸ್ತಾನು ಕಾರ್ಡನ್ನು ತೆಗೆದು, ಇಂದಿನ ಬಳಕೆಯ ವೇಗದಲ್ಲಿ ಎಷ್ಟು ತಿಂಗಳಿಗೆ ಸಾಕಾಗುತ್ತದೆ ಎಂದು ಲೆಕ್ಕ ಹಾಕಿ. ಅವುಗಳಲ್ಲಿ ಯಾವುವು ಆ ದೇಶದ ಸರ್ಕಾರಿ ಖರೀದಿ ಪಟ್ಟಿಯಲ್ಲಿಲ್ಲ ಎಂದು ಗುರುತು ಮಾಡಿ. ಆ ಪಟ್ಟಿಯಲ್ಲಿಲ್ಲದ ಒಂದೊಂದು ಮದ್ದೂ, ನೀವು ಹೊರಟ ಮೇಲೆ ಬರಿಗೈಯಲ್ಲಿ ಮರಳುವ ರೋಗಿಗಳನ್ನು ಸೂಚಿಸುತ್ತದೆ. ಔಷಧ ನಿರೋಧಕ ಕ್ಷಯದ ರೋಗಿಗಳಲ್ಲಿ ಯಾರ ಚಿಕಿತ್ಸೆ ಹಸ್ತಾಂತರದ ದಿನಾಂಕವನ್ನು ದಾಟಿ ಹೋಗುತ್ತದೆ ಎಂಬುದನ್ನು ಈಗಲೇ ಒಂದು ಹಾಳೆಯಲ್ಲಿ ಬರೆದು, ಅವರ ಪೂರ್ತಿ ಚಿಕಿತ್ಸೆಯ ಮದ್ದನ್ನು ಮುಂಗಡವಾಗಿ ತೆಗೆದಿರಿಸುವಂತೆ ಲಿಖಿತವಾಗಿ ಕೇಳಿ. ಪ್ರಯೋಗಾಲಯದ ಯಂತ್ರವನ್ನು ಬಿಟ್ಟು ಹೋಗುವುದಾಗಿ ಹೇಳಿದರೆ, ಅದರ ಕಾರ್ಟ್ರಿಜ್‌ಗೆ ಮತ್ತು ದುರಸ್ತಿಗೆ ಯಾರು ಹಣ ಕೊಡುತ್ತಾರೆಂದು ಕೇಳಿ. ಎಚ್‌ಐವಿ ರೋಗಿಗಳ ಕೈಗೆ ಅವರ ಚಿಕಿತ್ಸಾ ಚೀಟಿಯ ಪ್ರತಿಯನ್ನು ಕೊಟ್ಟು, ಮುಂದಿನ ಕ್ಲಿನಿಕ್ಕಿಗೆ ಮೊದಲ ಸಲ ಹೋಗುವಾಗ ಪರಿಚಯದ ಒಬ್ಬರು ಜೊತೆಯಲ್ಲಿರುವಂತೆ ವ್ಯವಸ್ಥೆ ಮಾಡಿ. ಹಸ್ತಾಂತರದ ದಿನಗಳಲ್ಲಿ ರೋಗಿಗಳು ತಪ್ಪಿಹೋಗುವುದು ಬಹುಮಟ್ಟಿಗೆ ಎರಡು ಕ್ಲಿನಿಕ್ಕುಗಳ ನಡುವಿನ ಆ ಮೊದಲ ಭೇಟಿಯಲ್ಲೇ. ಈ ಪ್ರಶ್ನೆಗಳಿಗೆ ನಿಮ್ಮ ಮೇಲಧಿಕಾರಿಗಳು ಸಹನೆಯಿಂದ, ಅಂಕಿಸಂಖ್ಯೆಯೊಂದಿಗೆ ಉತ್ತರಿಸಿದರೆ, ನೀವು ಸೇರಿದ ಸಂಸ್ಥೆ ಇನ್ನೂ ಅಲ್ಲೇ ಇದೆ ಎಂದು ತಿಳಿಯಿರಿ. ಉದ್ಘಾಟನೆಯಂತೆ ಹಸ್ತಾಂತರಕ್ಕೂ ಒಂದು ಸಮಾರಂಭದ ದಿನಾಂಕ ಗೊತ್ತಾಗಿ, ಇವು ಯಾವುದಕ್ಕೂ ಉತ್ತರ ಸಿಗದಿದ್ದರೆ ನಿಮ್ಮ ಅನುಮಾನ ನ್ಯಾಯವಾದದ್ದೇ.

ಇನ್ನು ನಿಮ್ಮ ಭತ್ಯೆ. ಇದನ್ನು ನೀವು ಸಂಕೋಚದಿಂದ ಬರೆದಂತಿದೆ, ಸಂಕೋಚದ ಅಗತ್ಯವಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಗಳ ಕ್ಷೇತ್ರ ಸಿಬ್ಬಂದಿಯಲ್ಲಿ ದೊಡ್ಡ ಪಾಲು ಆಯಾ ದೇಶದಲ್ಲೇ ನೇಮಕವಾದವರು. ಎಂಎಸ್‌ಎಫ್‌ನಲ್ಲಿ ಅವರು ಹತ್ತರಲ್ಲಿ ಎಂಟಕ್ಕೂ ಹೆಚ್ಚು. ಹಾಗಿದ್ದರೂ ಬಹುಕಾಲ ತೀರ್ಮಾನ ಮಾಡುತ್ತಿದ್ದವರು ಯುರೋಪಿನಿಂದ ಬಂದವರು. 2006ರಲ್ಲಿ ಲಾ ಮಾಂಚಾ ಎಂಬ ಒಪ್ಪಂದದಲ್ಲಿ, ಸ್ಥಳೀಯ ನೇಮಕವೋ ಅಂತರರಾಷ್ಟ್ರೀಯ ನೇಮಕವೋ ಎಂಬುದನ್ನು ನೋಡದೆ ಸಾಮರ್ಥ್ಯ ಮತ್ತು ನಿಷ್ಠೆಯನ್ನು ನೋಡಿ ಅವಕಾಶ ಕೊಡಬೇಕೆಂದು ಸಂಸ್ಥೆ ತನಗೆ ತಾನೇ ಮಾತು ಕೊಟ್ಟುಕೊಂಡಿತು. ಹದಿನಾಲ್ಕು ವರ್ಷಗಳ ನಂತರ, 2020ರಲ್ಲಿ, ಈಗಿನ ಮತ್ತು ಹಿಂದಿನ ಸಿಬ್ಬಂದಿಯಲ್ಲಿ ಸುಮಾರು ಸಾವಿರ ಜನ ಸಂಸ್ಥೆಯೊಳಗೇ ಬೇರೂರಿದ ಜನಾಂಗ ತಾರತಮ್ಯದ ಬಗ್ಗೆ ಸಹಿ ಹಾಕಿದ ಪತ್ರ ಬರೆಯಬೇಕಾಯಿತು ಎಂದರೆ, ಆ ಮಾತು ಎಷ್ಟು ನಿಧಾನವಾಗಿ ನಡೆಗೆ ಬಂತು ಎಂಬುದು ತಿಳಿಯುತ್ತದೆ. ಅಷ್ಟರಲ್ಲಿ ಯುರೋಪಿನ ಐದು ಕಾರ್ಯಾಚರಣಾ ಕೇಂದ್ರಗಳ ಜೊತೆಗೆ, ಪಶ್ಚಿಮ ಆಫ್ರಿಕಾದ ಅಬಿಜಾನ್‌ನಲ್ಲಿ 2019ರಲ್ಲಿ ಹೊಸದೊಂದು ಕೇಂದ್ರ ತೆರೆದಿತ್ತು. ನಿರ್ಧಾರದ ಮೇಜು ರೋಗಿಗಳಿರುವ ಕಡೆಗೆ ಸರಿಯುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ನಿಮಗೆ ಹೇಳಿರುವ ಪ್ರಾದೇಶಿಕ ಹುದ್ದೆ ಈ ಪ್ರವಾಹದಿಂದಲೇ ಬಂದಿರಬಹುದು. ಭಾರತದ ದಾದಿಯಾಗಿ ನೀವು ಈ ಎರಡೂ ಬದಿಗಳಲ್ಲಿ ನಿಂತವರು: ಬಿಹಾರದಲ್ಲಿ ಸ್ಥಳೀಯ ಸಿಬ್ಬಂದಿ, ಆಫ್ರಿಕಾದಲ್ಲಿ ಹೊರಗಿನಿಂದ ಬಂದವರು. ಬಿಹಾರದಲ್ಲಿದ್ದಾಗ ನಿಮಗಿಂತ ಕಡಿಮೆ ಅನುಭವದ ವಿದೇಶಿಯರು ನಿಮ್ಮ ಮೇಲ್ವಿಚಾರಕರಾಗಿ ಬಂದದ್ದು ನಿಮಗೆ ನೆನಪಿದ್ದರೆ, ಈಗ ನಿಮ್ಮ ಆಸ್ಪತ್ರೆಯ ಆಫ್ರಿಕನ್ ಸಹೋದ್ಯೋಗಿಗೂ ಅದೇ ಅನಿಸುತ್ತಿರಬಹುದು. ಆದ್ದರಿಂದ ಆಡಳಿತವನ್ನು ಒಂದು ಮಾತು ನೇರವಾಗಿ ಕೇಳಿ: ಹೊರಗಿನವರ ಭತ್ಯೆಯಿಂದ ಉಳಿದ ಹಣ ಸ್ಥಳೀಯ ಸಿಬ್ಬಂದಿಯ ಸಂಬಳಕ್ಕೆ, ವಿಮೆಗೆ, ತರಬೇತಿಗೆ ಹೋಗುತ್ತದೆಯೇ, ಅಥವಾ ಒಟ್ಟು ವೆಚ್ಚವೇ ಕಡಿಮೆಯಾಗುತ್ತದೆಯೇ? ಮೊದಲನೆಯದಾದರೆ ನಿಮ್ಮ ತ್ಯಾಗಕ್ಕೆ ಅರ್ಥವಿದೆ, ಎರಡನೆಯದಾದರೆ ಅದು ಸಮಾನತೆಯ ಹೆಸರಿನಲ್ಲಿ ಮಾಡುವ ಖರ್ಚು ಕಡಿತ. ಎರಡರಲ್ಲಿ ಯಾವುದೆಂದು ತಿಳಿಯುವ ಹಕ್ಕು ನಿಮಗಿದೆ.

ಭದ್ರತೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. 2015ರ ಅಕ್ಟೋಬರ್ 3ರಂದು ಅಫ್ಗಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್‌ಎಫ್‌ನ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ನಡೆಸಿದ ದಾಳಿಯಲ್ಲಿ 42 ಜನ ಸತ್ತರು. ಅವರಲ್ಲಿ 14 ಮಂದಿ ಆಸ್ಪತ್ರೆಯ ಸಿಬ್ಬಂದಿ. ಆಸ್ಪತ್ರೆಯ ಗುರುತು ರಕ್ಷಣೆಯಾಗಿ ಉಳಿಯದ ಕಾಲದಲ್ಲಿ ನಾವಿದ್ದೇವೆ. ಹೊಸ ಹುದ್ದೆಯಲ್ಲಿ ಬೇರೆ ಬೇರೆ ದೇಶಗಳಿಗೆ ಓಡಾಡಬೇಕಾಗುತ್ತದೆಯಾದ್ದರಿಂದ, ಅಪಾಯದ ಸ್ಥಳಕ್ಕೆ ಹೋಗಲು ಒಲ್ಲೆ ಎನ್ನುವ ಹಕ್ಕು, ಜೀವವಿಮೆ, ತುರ್ತು ಸ್ಥಳಾಂತರ ಇವು ಹೊಸ ಒಪ್ಪಂದದಲ್ಲಿ ಹೇಗಿವೆ ಎಂದು ಸಹಿ ಹಾಕುವ ಮೊದಲು ಓದಿ. ಕುಟುಂಬದವರಿಗೂ ಓದಿ ಹೇಳಿ.

ಉಳಿಯಬೇಕೆ ಬಿಡಬೇಕೆ ಎಂಬುದಕ್ಕೆ ನನ್ನ ಅಭಿಪ್ರಾಯ ಹೀಗಿದೆ. ಹಸ್ತಾಂತರ ಮುಗಿಯುವವರೆಗೆ ನೀವು ಅಲ್ಲೇ ಇರಿ, ಏಕೆಂದರೆ ಆ ವರ್ಷದಲ್ಲಿ ಅನುಭವಿ ದಾದಿಯರು ಬಿಟ್ಟು ಹೋದರೆ ತೊಂದರೆಯಾಗುವುದು ನೇರವಾಗಿ ರೋಗಿಗಳಿಗೆ. ಆಮೇಲಿನ ತರಬೇತುದಾರಳ ಹುದ್ದೆ, ನೀವು ವಾರ್ಡಿಗೆ ಹೋಗಿ ಕೈಹಿಡಿದು ಕಲಿಸುವ ಕೆಲಸವಾಗಿದ್ದರೆ, ಭತ್ಯೆ ಕಡಿಮೆಯಾದರೂ ಒಪ್ಪಿಕೊಳ್ಳುವುದು ಒಳ್ಳೆಯದು. ಸಲೈನ್ ತಾಗಿಸಬಾರದ ಸೀಸೆಯ ವಿಷಯವನ್ನು ಹತ್ತು ಜಿಲ್ಲೆಗಳ ಹೊಸ ದಾದಿಯರಿಗೆ ಹೇಳಿಕೊಡಬಲ್ಲವರು ಸುಲಭವಾಗಿ ಸಿಗುವುದಿಲ್ಲ. ಅದು ಕೇವಲ ವರದಿ ಕ್ರೋಡೀಕರಿಸುವ ಕಚೇರಿ ಕೆಲಸವಾಗಿದ್ದರೆ, ನಿಮ್ಮ ಪತ್ರದ ದನಿಯಿಂದ ಹೇಳುವುದಾದರೆ, ನೀವು ಅಲ್ಲಿ ಬಾಡಿಹೋಗುತ್ತೀರಿ. ಹಾಗಾದರೆ ಊರಿಗೆ ಮರಳಿ. ಕಲ್ಯಾಣ ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ, ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ನಿಮ್ಮಂಥ ಅನುಭವಿಗಳಿಗೆ ಮಾಡಲು ಬೇಕಾದಷ್ಟು ಕೆಲಸವಿದೆ.

ಯಾವುದನ್ನೇ ಆರಿಸಿದರೂ ಕೆಲವು ಕಾಗದಪತ್ರಗಳನ್ನು ಈ ವರ್ಷದೊಳಗೇ ಸಿದ್ಧಮಾಡಿಕೊಳ್ಳಿ. ಪ್ರತಿ ಯೋಜನೆಯಲ್ಲಿ ನೀವು ನಿರ್ವಹಿಸಿದ ಹೊಣೆ ಮತ್ತು ನಡೆಸಿದ ವಾರ್ಡಿನ ಗಾತ್ರವನ್ನು ನಮೂದಿಸಿದ ಅನುಭವ ಪತ್ರವನ್ನು, ಆಯಾ ಮೇಲ್ವಿಚಾರಕರು ಸಂಸ್ಥೆ ಬಿಡುವ ಮುನ್ನ ಪಡೆಯಿರಿ, ಪುನರ್ರಚನೆಯ ನಂತರ ನಿಮ್ಮನ್ನು ಬಲ್ಲವರು ಯಾರೂ ಆ ಕುರ್ಚಿಗಳಲ್ಲಿ ಇರಲಿಕ್ಕಿಲ್ಲ. ಭಾರತದಲ್ಲಿ ದುಡಿದ ಅವಧಿಯ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯ ಲೆಕ್ಕವನ್ನು ಕೇಳಿ ತರಿಸಿಕೊಳ್ಳಿ. ರೋಗಿಗಳ ಹೆಸರಿರುವ ಯಾವ ದಾಖಲೆಯನ್ನೂ, ಛಾಯಾಚಿತ್ರವನ್ನೂ ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನಿಮ್ಮ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ನೋಡಿ. ಹೊರದೇಶದಲ್ಲಿದ್ದಾಗ ಅದರ ಅವಧಿ ಮುಗಿದಿದ್ದರೆ ಮುಂದಿನ ರಜೆಯಲ್ಲಿ ಊರಿಗೆ ಬಂದಾಗಲೇ ನವೀಕರಿಸಿಕೊಳ್ಳಿ.